ಮನೆಬಳಕೆಯ ವಸ್ತುಗಳಿಗೆ ಮಾತು ಕಲಿಸಿದ ಕ್ಲೋಡ್ ಕಾಹುನ್

1944ರ ನವೆಂಬರ್ 16. ಇಂಗ್ಲಿಷ್ ಕಡಲ್ಗಾಲುವೆಯ ಪುಟ್ಟ ದ್ವೀಪ ಜೆರ್ಸಿ ಆಗ ನಾಜಿ ಜರ್ಮನಿಯ ವಶದಲ್ಲಿತ್ತು. ಅಲ್ಲಿನ ಜರ್ಮನ್ ಸೇನಾ ನ್ಯಾಯಾಲಯದ ಮುಂದೆ ಅಂದು ಐವತ್ತರ ಆಸುಪಾಸಿನ ಇಬ್ಬರು ಫ್ರೆಂಚ್ ಮಹಿಳೆಯರು ನಿಂತಿದ್ದರು. ಚೀಟಿಗಳನ್ನು ಹಂಚಿ ಸೈನಿಕರನ್ನು ತಮ್ಮ ಸರ್ಕಾರದ ವಿರುದ್ಧವೇ ಪ್ರಚೋದಿಸಿದರೆಂಬುದು ಅವರ ಮೇಲಿದ್ದ ಮುಖ್ಯ ಆರೋಪ. ತೀರ್ಪು ಹೊರಬಿತ್ತು: ಇಬ್ಬರಿಗೂ ಮರಣದಂಡನೆ.

ಇವರಲ್ಲಿ ಒಬ್ಬರನ್ನು ದ್ವೀಪದ ಜನ ಲ್ಯೂಸಿ ಶ್ವಾಬ್ ಎಂದು ಬಲ್ಲವರಾಗಿದ್ದರು. ಪ್ಯಾರಿಸ್ಸಿನ ಲೇಖಕರು ಮತ್ತು ಕಲಾವಿದರ ವಲಯದಲ್ಲಿ ಅವರ ಹೆಸರು ಕ್ಲೋಡ್ ಕಾಹುನ್. ಛಾಯಾಚಿತ್ರ, ಫೋಟೊಗಳನ್ನು ಕತ್ತರಿಸಿ ಅಂಟಿಸಿದ ಚಿತ್ರಫಲಕಗಳು, ದಿನಬಳಕೆಯ ಚಿಲ್ಲರೆ ಸಾಮಾನುಗಳನ್ನು ಸೇರಿಸಿ ಕಟ್ಟಿದ ಜೋಡಣಾ ಕೃತಿಗಳು - ಈ ಮೂರರಲ್ಲೂ ಕಾಲಕ್ಕಿಂತ ಬಹಳ ಮುಂದಿದ್ದ ಕಲಾವಿದೆ ಆಕೆ. ಅವರು ತೀರಿಕೊಂಡ ಬಳಿಕ ಸುಮಾರು ಮೂರು ದಶಕ ಕಾಲ ಕಲಾಚರಿತ್ರೆಯ ಪುಟಗಳಲ್ಲಿ ಅವರ ಹೆಸರಿಗೆ ಹೆಚ್ಚಿನ ಜಾಗವಿರಲಿಲ್ಲ. ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳು ಅವರ ಪುಟ್ಟ ಪುಟ್ಟ ಚಿತ್ರಗಳನ್ನು ಜೋಪಾನವಾಗಿ ಕಾಯುತ್ತಿವೆ.

ಅವರ ಕಲೆಗೂ ಜೆರ್ಸಿಯ ಆ ಚೀಟಿಗಳಿಗೂ ಏನು ಸಂಬಂಧ? ಅವರ ಬದುಕನ್ನು ಮೊದಲಿನಿಂದ ನೋಡಿದರೆ ಎರಡೂ ಒಂದೇ ಕೈಯ ಒಂದೇ ಬಗೆಯ ಕೆಲಸವೆಂಬುದು ಮನದಟ್ಟಾಗುತ್ತದೆ.

ಪತ್ರಿಕಾ ಕುಟುಂಬದ ಮಗಳು

ಲ್ಯೂಸಿ ರೆನೆ ಮಾತಿಲ್ಡ್ ಶ್ವಾಬ್ ಜನಿಸಿದ್ದು 1894ರ ಅಕ್ಟೋಬರ್ 25ರಂದು, ಫ್ರಾನ್ಸಿನ ಪಶ್ಚಿಮ ಭಾಗದ ನಾಂತ್ ನಗರದಲ್ಲಿ. ತಂದೆ ಮೊರೀಸ್ ಶ್ವಾಬ್ 'ಲ ಫಾರ್ ದ ಲಾ ಲ್ವಾರ್' ಎಂಬ ಪ್ರಾಂತೀಯ ದಿನಪತ್ರಿಕೆಯ ಒಡೆಯರು. ಚಿಕ್ಕಪ್ಪ ಮಾರ್ಸೆಲ್ ಶ್ವಾಬ್ ಹೆಸರಾಂತ ಕಥೆಗಾರ. ಅಜ್ಜಿಯ ಕಡೆಯ ಹಿರಿಯರಾದ ಲೆಯೋನ್ ಕಾಹುನ್ ಪ್ಯಾರಿಸ್ಸಿನ ಮಜಾರಿನ್ ಗ್ರಂಥಾಲಯದಲ್ಲಿದ್ದ ವಿದ್ವಾಂಸರು. ಮುದ್ರಣದ ಶಾಯಿಯ ವಾಸನೆ ಮನೆಯ ಗಾಳಿಯಲ್ಲೇ ಬೆರೆತಿದ್ದ ಕುಟುಂಬವದು.

ಆದರೆ ಬಾಲ್ಯ ಸುಖದ್ದಾಗಿರಲಿಲ್ಲ. ತಾಯಿಗೆ ಮಾನಸಿಕ ಕಾಯಿಲೆ. ಮಗಳಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ತಾಯಿಯನ್ನು ಚಿಕಿತ್ಸಾಲಯಕ್ಕೆ ಸೇರಿಸಬೇಕಾಯಿತು. ಮಗುವನ್ನು ಸಾಕಿದವರು ದೃಷ್ಟಿ ಕಳೆದುಕೊಂಡಿದ್ದ ಅಜ್ಜಿ ಮಾತಿಲ್ಡ್ ಕಾಹುನ್. ಮುಂದೆ ನೋಟವನ್ನೇ ಬದುಕಿನ ಪ್ರಶ್ನೆಯಾಗಿಸಿಕೊಂಡ ಕಲಾವಿದೆ ಬೆಳೆದದ್ದು ಕಣ್ಣು ಕಾಣದ ಹಿರಿಯ ಜೀವದ ಮಡಿಲಲ್ಲಿ ಎಂಬುದು ಗಮನಾರ್ಹ.

ಅದು ಡ್ರೈಫಸ್ ಪ್ರಕರಣದಿಂದ ಫ್ರಾನ್ಸ್ ಎರಡು ಹೋಳಾಗಿದ್ದ ಕಾಲ. ದೇಶದ್ರೋಹದ ಸುಳ್ಳು ಆರೋಪ ಹೊತ್ತಿದ್ದ ಯಹೂದಿ ಸೇನಾಧಿಕಾರಿ ಡ್ರೈಫಸ್ ಅವರ ವಿಚಾರಣೆಯು ದೇಶದಾದ್ಯಂತ ಯಹೂದಿದ್ವೇಷವನ್ನು ಕೆರಳಿಸಿತ್ತು. ಯಹೂದಿ ಮನೆತನದ ಲ್ಯೂಸಿಗೂ ಶಾಲೆಯಲ್ಲಿ ಸಹಪಾಠಿಗಳ ಕಿರುಕುಳ ತಪ್ಪಲಿಲ್ಲ. ತಂದೆ ಆಕೆಯನ್ನು ಕೆಲಕಾಲ ಇಂಗ್ಲೆಂಡಿನ ಸರ‍್ರೆ ಪ್ರಾಂತ್ಯದ ಶಾಲೆಗೆ ಕಳುಹಿಸಿದರು.

ನಾಂತ್‌ಗೆ ಮರಳಿದ ಬಳಿಕ 1909ರಲ್ಲಿ ಆಕೆಗೆ ಸುಜಾನ್ ಮಾಲೆರ್ಬ್ ಅವರ ಸ್ನೇಹವಾಯಿತು. ವಯಸ್ಸಿನಲ್ಲಿ ಎರಡು ವರ್ಷ ಹಿರಿಯರಾದ ಸುಜಾನ್ ಚಿತ್ರಕಲೆ ಕಲಿತವರು. ಆ ಸ್ನೇಹ ಪ್ರೇಮವಾಗಿ, ಜೀವಮಾನದ ಸಾಂಗತ್ಯವಾಗಿ ನಲವತ್ತೈದು ವರ್ಷ ಉಳಿಯಿತು. 1917ರಲ್ಲಿ ಲ್ಯೂಸಿಯ ತಂದೆ ಸುಜಾನ್ ಅವರ ವಿಧವೆ ತಾಯಿಯನ್ನು ಮದುವೆಯಾದರು. ಹೀಗೆ ಸಂಗಾತಿಗಳಿಬ್ಬರೂ ಲೋಕದ ಕಣ್ಣಿಗೆ ಸೋದರಿಯರಾದರು. ಒಂದೇ ಮನೆಯಲ್ಲಿ ಬಾಳಲು ಸಮಾಜದ ಅಡ್ಡಿಯೂ ಇಲ್ಲವಾಯಿತು.

ಹೆಸರು ಬದಲಾಯಿತು

ಇಪ್ಪತ್ತರ ಹರೆಯದಲ್ಲಿ ಲ್ಯೂಸಿ ತಮ್ಮ ಬರಹಗಳಿಗೆ ಹೊಸ ಹೆಸರೊಂದನ್ನು ಆರಿಸಿಕೊಂಡರು. ಕ್ಲೋಡ್ ಎಂಬುದು ಫ್ರೆಂಚಿನಲ್ಲಿ ಗಂಡಿಗೂ ಹೆಣ್ಣಿಗೂ ಇಡುವ ಹೆಸರು. ಕಾಹುನ್ ಎಂಬುದು ಅಜ್ಜಿಯ ಮನೆತನದ್ದು. ಸುಜಾನ್ ಕೂಡ ಮಾರ್ಸೆಲ್ ಮೂರ್ ಎಂಬ ಹೆಸರಿನಲ್ಲಿ ಚಿತ್ರಗಳಿಗೆ ಸಹಿ ಹಾಕತೊಡಗಿದರು. ಗಂಡು, ಹೆಣ್ಣು ಎಂಬ ಎರಡೇ ಕೋಣೆಗಳಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕೆಂಬ ಕಟ್ಟಳೆಯನ್ನು ಕಾಹುನ್ ಒಪ್ಪಲಿಲ್ಲ. ತಮಗೆ ಸದಾ ಒಗ್ಗುವುದು ನಪುಂಸಕ ಲಿಂಗವೊಂದೇ ಎಂಬರ್ಥದ ಮಾತನ್ನು ಮುಂದೆ ತಮ್ಮ ಪುಸ್ತಕದಲ್ಲಿ ಬರೆದರು.

1920ರ ದಶಕದ ಆರಂಭದಲ್ಲಿ ಇಬ್ಬರೂ ಪ್ಯಾರಿಸ್ ಸೇರಿದರು. ಮೊಂಪಾರ್ನಾಸ್ ಬಡಾವಣೆಯ ಅವರ ಮನೆ ಲೇಖಕರು ಮತ್ತು ನಾಟಕದವರ ತಾಣವಾಯಿತು. ಕಾಹುನ್ ಬರೆದರು, ಅನುವಾದಿಸಿದರು, ಸಣ್ಣ ಪ್ರಯೋಗಶೀಲ ರಂಗತಂಡಗಳಲ್ಲಿ ಪಾತ್ರ ಮಾಡಿದರು. ಆದರೆ ಇಂದು ಅವರನ್ನು ಪ್ರಸಿದ್ಧಿಗೆ ತಂದಿರುವ ಕೆಲಸ ನಡೆದದ್ದು ಹೊರಗಿನವರ ಕಣ್ಣಿಗೆ ಬೀಳದಂತೆ, ಮನೆಯ ಗೋಡೆಗಳ ನಡುವೆ.

ಸಾಮಾನ್ಯ ಹವ್ಯಾಸಿಗಳ ಕೈಯಲ್ಲಿರುವಂತಹ ಮಡಚುವ ಕೊಡಾಕ್ ಕ್ಯಾಮೆರಾದ ಮುಂದೆ ಕಾಹುನ್ ತಮ್ಮನ್ನೇ ನಿಲ್ಲಿಸಿಕೊಂಡರು. ಹದಿಹರೆಯ ದಾಟುತ್ತಿದ್ದಾಗಲೇ ಈ ಅಭ್ಯಾಸ ಶುರುವಾಗಿತ್ತು. 1914ರ ಸುಮಾರಿನ ಒಂದು ಚಿತ್ರದಲ್ಲಿ ದಿಂಬಿನ ಮೇಲೆ ಕೆದರಿದ ಕೂದಲು ಹಾವುಗಳಂತೆ ಹರಡಿದೆ. ಮುಂದಿನ ಚಿತ್ರಗಳಲ್ಲಿ ಆ ಕೂದಲೇ ಇಲ್ಲ. ಬೋಳುತಲೆಯ, ಗಂಡುಡುಗೆಯ ವ್ಯಕ್ತಿ ನಮ್ಮನ್ನು ದಿಟ್ಟಿಸುತ್ತದೆ. ಹೆಣ್ಣೊಬ್ಬಳು ತಲೆ ಬೋಳಿಸಿ ಕ್ಯಾಮೆರಾದ ಮುಂದೆ ಕೂರುವುದು ಆ ಕಾಲಕ್ಕೆ ಊಹೆಗೂ ನಿಲುಕದ ಸಂಗತಿ. ಮತ್ತೊಂದರಲ್ಲಿ ಕೆನ್ನೆಗೆ ಹೃದಯದ ಗುರುತು ಬರೆದುಕೊಂಡು, ಭಾರದ ಗುಂಡುಗಳನ್ನು ಹಿಡಿದ ಸರ್ಕಸ್ ಪೈಲ್ವಾನ. ಇನ್ನೊಂದರಲ್ಲಿ ಚೌಕುಳಿ ಕೋಟು ತೊಟ್ಟು ಕನ್ನಡಿಯ ಪಕ್ಕ ನಿಂತ ವ್ಯಕ್ತಿ. ಕನ್ನಡಿಯಲ್ಲಿರುವ ಮುಖ ಬೇರೆಡೆ ನೋಡುತ್ತಿದೆ, ಹೊರಗಿನ ಮುಖ ನಮ್ಮತ್ತ.

ತಂತ್ರದಲ್ಲೂ ಹೊಸತನವಿತ್ತು. 1928ರ ಒಂದು ಕೃತಿಯಲ್ಲಿ ಎರಡು ಚಿತ್ರಗಳನ್ನು ಬೆಸೆದು, ಒಂದೇ ದೇಹದಿಂದ ಎರಡು ಬೋಳುತಲೆಗಳು ಹೊರಟು ಒಂದನ್ನೊಂದು ಅನುಮಾನದಿಂದ ನೋಡುವಂತೆ ಮಾಡಲಾಗಿದೆ. ಇನ್ನು ಕೆಲವದರಲ್ಲಿ, ಅಲಂಕಾರದ ಗಡಿಯಾರ ಅಥವಾ ಒಣಹೂಗಳನ್ನು ಮುಚ್ಚಿಡುವ ಗಾಜಿನ ಗುಮ್ಮಟದೊಳಗೆ ಮನುಷ್ಯರ ತಲೆಯನ್ನೇ ಇಟ್ಟಂತೆ ಕಾಣುತ್ತದೆ. ಮಧ್ಯಮ ವರ್ಗದ ಮನೆಯ ಹಜಾರದ ವಸ್ತು ಇಲ್ಲಿ ಸೆರೆಮನೆಯಾಗಿ ಮಾರ್ಪಟ್ಟಿದೆ. ವಸ್ತು ಹಳೆಯದೇ, ಅದನ್ನು ಇಟ್ಟ ಜಾಗ ಬದಲಾದಾಗ ಅದರ ಅರ್ಥವೂ ಬದಲಾಗುತ್ತದೆ. ಕಾಹುನ್ ಅವರ ಇಡೀ ಕಲೆಯ ಬೀಜ ಇಲ್ಲಿದೆ.

ಕ್ಯಾಮೆರಾದ ಗುಂಡಿ ಒತ್ತಿದವರು ಯಾರು? ಬಹುಪಾಲು ಚಿತ್ರಗಳಲ್ಲಿ ಆ ಕೈ ಮೂರ್ ಅವರದೇ ಎಂಬುದು ಇಂದಿನ ವಿದ್ವಾಂಸರ ಅಭಿಮತ. ಕೆಲವು ಚಿತ್ರಗಳ ಅಂಚಿನಲ್ಲಿ ಛಾಯಾಗ್ರಾಹಕಿಯ ನೆರಳೂ ಬಿದ್ದಿದೆ. ಸ್ವಂತ ಭಾವಚಿತ್ರಗಳೆಂದು ಹೆಸರಾದ ಈ ಕೃತಿಗಳು ವಾಸ್ತವವಾಗಿ ಇಬ್ಬರ ಜಂಟಿ ಸೃಷ್ಟಿ. 1930ರಲ್ಲಿ ಪ್ರಕಟವಾದ 'ಅವೂ ನಾನ್ ಅವನ್ಯೂ' ಎಂಬ ಕಾಹುನ್ ಅವರ ಪುಸ್ತಕದಲ್ಲಂತೂ ಇದು ಅಚ್ಚಾಗಿಯೇ ಇದೆ. ತಪ್ಪೊಪ್ಪಿಗೆಯನ್ನು ಮಾಡಿ ಅದನ್ನು ಅಲ್ಲೇ ರದ್ದುಪಡಿಸಿದಂಥ ಅರ್ಥದ ಶೀರ್ಷಿಕೆ ಅದು. ಕನಸು, ಪತ್ರ, ಸಂಭಾಷಣೆ, ತುಂಡು ಯೋಚನೆಗಳ ಈ ಗ್ರಂಥದ ಚಿತ್ರಫಲಕಗಳನ್ನು ಲೇಖಕಿಯ ಕಲ್ಪನೆಯಂತೆ ಮೂರ್ ರಚಿಸಿದರೆಂದು ಅದರಲ್ಲೇ ನಮೂದಾಗಿದೆ. ಕಣ್ಣು, ಕೈ, ತುಟಿ, ಮುಖವಾಡಗಳನ್ನು ಹಳೆಯ ಫೋಟೊಗಳಿಂದ ಕತ್ತರಿಸಿ ಹೊಸದಾಗಿ ಹೊಂದಿಸಿದ ಚಿತ್ರಗಳವು. ಪುಸ್ತಕಕ್ಕೆ ದೊರೆತ ಓದುಗರು ಬೆರಳೆಣಿಕೆಯಷ್ಟು. ಅದೇ ವರ್ಷ ಒಂದು ಪತ್ರಿಕೆಯಲ್ಲಿ ಅವರ ತಲೆಬುರುಡೆ ಉದ್ದಕ್ಕೆ ಎಳೆದಂತೆ ಕಾಣುವ ಭಾವಚಿತ್ರವೊಂದು ಅಚ್ಚಾಯಿತು. ಅದನ್ನು ಬಿಟ್ಟರೆ ಈ ಭಾವಚಿತ್ರಗಳು ಅವರ ಜೀವಿತಕಾಲದಲ್ಲಿ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದಿಲ್ಲವೆಂದೇ ಹೇಳಬೇಕು.

ಟೆನಿಸ್ ಚೆಂಡಿನ ಕಣ್ಣು

1930ರ ದಶಕದಲ್ಲಿ ಯುರೋಪಿನ ಮೇಲೆ ಫ್ಯಾಸಿಸಂನ ಕಾರ್ಮೋಡ ಕವಿಯಿತು. 1932ರಲ್ಲಿ ಕಾಹುನ್ ಪ್ಯಾರಿಸ್ಸಿನ ಎಡಪಂಥೀಯ ಲೇಖಕರ ಮತ್ತು ಕಲಾವಿದರ ಸಂಘವನ್ನು ಸೇರಿದರು. ಅತಿವಾಸ್ತವವಾದಿಗಳ ನಾಯಕ ಆಂದ್ರೆ ಬ್ರೆತೋನ್ ಅವರ ಪರಿಚಯವಾಯಿತು. 1934ರಲ್ಲಿ ಬರೆದ ಕಿರುಹೊತ್ತಗೆಯೊಂದರಲ್ಲಿ ಕಾವ್ಯವು ಪಕ್ಷದ ಘೋಷಣೆಯಾಗಬೇಕೆಂಬ ವಾದವನ್ನು ಅವರು ಖಂಡಿಸಿದರು. ನೇರವಾಗಿ ಆಜ್ಞೆ ಮಾಡುವ ಬರಹಕ್ಕಿಂತ, ಓದುಗನ ತಲೆಯಲ್ಲಿ ಪ್ರಶ್ನೆಯನ್ನು ಅರ್ಧಕ್ಕೆ ಬಿಟ್ಟುಹೋಗುವ ಬರಹವೇ ಹೆಚ್ಚು ಕೆಲಸ ಮಾಡುತ್ತದೆಂಬುದು ಅವರ ನಿಲುವು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಹತ್ತು ವರ್ಷಗಳ ನಂತರ ಅವರ ಜೀವವೇ ಈ ನಿಲುವಿನ ಮೇಲೆ ಪಣಕ್ಕೆ ಬಿತ್ತು.

1936ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಶಾರ್ಲ್ ರಾಟೋನ್ ಗ್ಯಾಲರಿಯಲ್ಲಿ ಅತಿವಾಸ್ತವವಾದಿಗಳ ವಸ್ತುಪ್ರದರ್ಶನ ನಡೆಯಿತು. ನಡೆದದ್ದು ಸುಮಾರು ಒಂದು ವಾರವಷ್ಟೇ. ಮೆರೆಟ್ ಒಪನ್‌ಹೈಮ್ ಅವರ ತುಪ್ಪಳ ಹೊದಿಸಿದ ಚಹಾ ಕಪ್ಪು, ಮಾರ್ಸೆಲ್ ದ್ಯುಶಾಂ ಅವರ ಬಾಟಲಿ ಒಣಗಿಸುವ ಕಬ್ಬಿಣದ ಚೌಕಟ್ಟು ಮುಂತಾದವುಗಳ ಜತೆ ಕಾಹುನ್ ಅವರ ಜೋಡಣಾ ಕೃತಿಗಳೂ ಅಲ್ಲಿದ್ದವು.

ಆ ವರ್ಷದ ಅವರ ಒಂದು ಕೃತಿ ಇಂದು ಅಮೆರಿಕದ ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೊ ಸಂಗ್ರಹದಲ್ಲಿದೆ. ಹೆಸರು ಸರಳವಾಗಿ 'ವಸ್ತು'. ಮರದ ಪೀಠದ ಮೇಲೆ ಒಂದು ಟೆನಿಸ್ ಚೆಂಡು. ಅದರ ಮೇಲೆ ಬಿಡಿಸಿದ ಕಣ್ಣು. ಕಣ್ಣಿನ ಸುತ್ತ ಕೂದಲು. ಪಕ್ಕದಲ್ಲಿ ಗೊಂಬೆಯದೊಂದು ಕೈ, ಮೋಡದಾಕಾರದ ಒಂದು ಮರದ ತುಂಡು. ಪೀಠದ ಮೇಲಿನ ಬರಹವು ಫ್ರಾನ್ಸಿನ ರಾಷ್ಟ್ರಗೀತೆ ಮಾರ್ಸೆಯೇಸ್ ಕ್ರಾಂತಿಗೀತೆಯೆಂದು ಸಾರುತ್ತದೆ. ಅದರ ಬೆನ್ನಿಗೇ, ಖೋಟಾ ಮಾಡುವವರಿಗೆ ಕಠಿಣ ಶಿಕ್ಷೆಯೆಂಬ ಎಚ್ಚರಿಕೆಯೂ ಇದೆ. ರಾಷ್ಟ್ರೀಯತೆಯ ಕಡೆ ವಾಲುತ್ತಿದ್ದ ಅಂದಿನ ಫ್ರೆಂಚ್ ಕಮ್ಯುನಿಸ್ಟರು ಆ ಗೀತೆಯನ್ನು ತಮ್ಮದಾಗಿಸಿಕೊಂಡಿದ್ದರು. ನಿಜವಾದ ಕ್ರಾಂತಿ ಯಾವುದು, ಖೋಟಾ ಯಾವುದು ಎಂದು ಈ ಕೃತಿ ಚುಚ್ಚಿ ಕೇಳುತ್ತದೆ. ಅದೇ ವರ್ಷ ಕಮ್ಯುನಿಸ್ಟರ ದಿನಪತ್ರಿಕೆ 'ಲ್ಯುಮಾನಿತೆ'ಯ ಹಾಳೆಗಳಿಂದಲೇ ಗೊಂಬೆಯೊಂದನ್ನು ಮಾಡಿ ಕಾಹುನ್ ಫೋಟೊ ತೆಗೆದರು. ಪತ್ರಿಕೆಯ ಮನೆಯಲ್ಲಿ ಹುಟ್ಟಿದವರಿಗೆ ಪತ್ರಿಕೆಯ ಹಾಳೆ ಎಂಥ ವಸ್ತು ಎಂಬುದು ಚೆನ್ನಾಗಿ ಗೊತ್ತಿತ್ತು.

ಪ್ರದರ್ಶನದ ಸಂದರ್ಭದಲ್ಲಿ 'ಕಾಯೇ ದಾರ್' ಪತ್ರಿಕೆಗೆ ಅವರು ಬರೆದ ಲೇಖನ, ಮನೆಬಳಕೆಯ ವಸ್ತುಗಳ ಬಗ್ಗೆ ಎಚ್ಚರವಿರಲಿ ಎಂಬ ಅರ್ಥದ ಶೀರ್ಷಿಕೆ ಹೊತ್ತಿತ್ತು. ಕಲಾವಿದರು ಮಾಡಿದ್ದನ್ನು ನೋಡಿ ಸುಮ್ಮನಾಗಬೇಡಿ. ತರ್ಕಕ್ಕೆ ಸಿಗದ ವಸ್ತುಗಳನ್ನು ನೀವೇ ಹುಡುಕಿ, ಕೈಯಲ್ಲಿ ಹಿಡಿದು ಪಳಗಿಸಿ, ಕಟ್ಟಿ ಎಂಬುದು ಅದರ ಸಾರ. ಕೈಯಿಂದ ದುಡಿಯುವ ಕಾರ್ಮಿಕರಿಗೆ ವಸ್ತುಗಳ ಮರ್ಮ ಕಲಾವಿದರಿಗಿಂತ ಚೆನ್ನಾಗಿ ತಿಳಿದೀತು ಎಂದೂ ಅವರು ವಾದಿಸಿದರು. ಕಲೆಯನ್ನು ಗ್ಯಾಲರಿಯಿಂದ ಇಳಿಸಿ ಅಡುಗೆಮನೆಯ ಕಪಾಟಿಗೆ, ಕಾರ್ಖಾನೆಯ ಮೇಜಿಗೆ ತರುವ ಹಂಬಲ ಅದು.

ಮರುವರ್ಷ, 1937ರಲ್ಲಿ, ಲೀಸ್ ದೆಯಾರ್ಮ್ ಅವರ ಮಕ್ಕಳ ಕವಿತೆಗಳ ಪುಸ್ತಕ 'ಲ ಕರ್ ದ ಪಿಕ್' ಪ್ರಕಟವಾಯಿತು. 32 ಕವಿತೆಗಳಿಗೆ ಕಾಹುನ್ ಅವರ 20 ಛಾಯಾಚಿತ್ರಗಳು. ಹೂವು, ಎಲೆ, ಕಡ್ಡಿ, ಆಟಿಕೆ, ಪುಟ್ಟ ಗೊಂಬೆಗಳನ್ನು ರಂಗಸಜ್ಜಿಕೆಯಂತೆ ಹೊಂದಿಸಿ ತೆಗೆದ ಚಿತ್ರಗಳವು. ಮಗುವಿನ ಆಟದಂತೆ ಕಂಡರೂ ನೋಡುತ್ತ ಹೋದಂತೆ ಒಳಗೊಂದು ಅಳುಕು ಹುಟ್ಟುತ್ತದೆ. ಅವರ ಇಂತಹ ಹೆಚ್ಚಿನ ಜೋಡಣೆಗಳು ಉಳಿದಿರುವುದು ಫೋಟೊಗಳಲ್ಲಿ ಮಾತ್ರ. ತೋಟದಲ್ಲೋ ಮರಳಿನ ಮೇಲೋ ಗಾಜಿನ ಗುಮ್ಮಟದೊಳಗೋ ವಸ್ತುಗಳನ್ನು ಜೋಡಿಸಿ, ಚಿತ್ರ ತೆಗೆದು, ಬಿಚ್ಚಿಬಿಡುತ್ತಿದ್ದರು. ಮಾರಲು ಅಲ್ಲಿ ಏನೂ ಉಳಿಯುತ್ತಿರಲಿಲ್ಲ.

ಹೆಸರಿಲ್ಲದ ಸೈನಿಕ

1937ರಲ್ಲಿ ಕಾಹುನ್ ಮತ್ತು ಮೂರ್ ಪ್ಯಾರಿಸ್ ತೊರೆದು ಜೆರ್ಸಿ ದ್ವೀಪದ ಸೇಂಟ್ ಬ್ರೆಲೇಡ್ ಕೊಲ್ಲಿಯ ದಂಡೆಯಲ್ಲಿ ಮನೆ ಕೊಂಡರು. ಪಕ್ಕದಲ್ಲೇ ಚರ್ಚು ಮತ್ತು ಅದರ ಸ್ಮಶಾನ. ಹಳೆಯ ಹೆಸರುಗಳನ್ನೇ ಮತ್ತೆ ಬಳಸತೊಡಗಿದ ಇವರು ಊರಿನವರ ಪಾಲಿಗೆ ಬೆಕ್ಕು ಸಾಕಿಕೊಂಡ, ತುಸು ವಿಚಿತ್ರ ಸ್ವಭಾವದ ಇಬ್ಬರು ಸೋದರಿಯರು.

1940ರ ಜುಲೈ 1ರಂದು ಜರ್ಮನ್ ಪಡೆಗಳು ದ್ವೀಪವನ್ನು ವಶಪಡಿಸಿಕೊಂಡವು. ಹೊರಟುಹೋಗಲು ಅವಕಾಶವಿದ್ದರೂ ಇಬ್ಬರೂ ಹೋಗಲಿಲ್ಲ. ಬದಲಿಗೆ ಅವರು ಮಾಡಿದ ಕೆಲಸ ಕಲಾಚರಿತ್ರೆಯಲ್ಲೂ ಯುದ್ಧಚರಿತ್ರೆಯಲ್ಲೂ ಅಪರೂಪವಾದದ್ದು.

ಮೂರ್ ಅವರಿಗೆ ಜರ್ಮನ್ ಭಾಷೆ ಬರುತ್ತಿತ್ತು. ನಿಷೇಧವಿದ್ದರೂ ಬಿಬಿಸಿ ರೇಡಿಯೊ ಕೇಳಿ, ಯುದ್ಧದ ನಿಜ ಸುದ್ದಿಯನ್ನು ಜರ್ಮನ್‌ಗೆ ತಿರುಗಿಸಿ, ಬೆರಳಚ್ಚು ಯಂತ್ರದಲ್ಲಿ ಕಾರ್ಬನ್ ಹಾಳೆಗಳನ್ನಿಟ್ಟು ತೆಳು ಕಾಗದದ ಮೇಲೆ ಪ್ರತಿ ಮಾಡುತ್ತಿದ್ದರು. ಸುದ್ದಿಯ ಜತೆ ಕವಿತೆ, ಅಣಕ, ಕಲ್ಪಿತ ಸಂಭಾಷಣೆಗಳೂ ಇರುತ್ತಿದ್ದವು. ಕೆಳಗೆ ಸಹಿ: ಹೆಸರಿಲ್ಲದ ಸೈನಿಕ. ಓದಿದವನಿಗೆ ಇದು ತನ್ನ ಪಡೆಯೊಳಗಿನ ಯಾರೋ ಬೇಸತ್ತ ಜರ್ಮನ್ ಸೈನಿಕನ ಮಾತೆಂದೇ ಅನ್ನಿಸಬೇಕು. ಎರಡು ದಶಕ ಕಾಲ ಕ್ಯಾಮೆರಾದ ಮುಂದೆ ವೇಷ ಹಾಕಿದ್ದ ಕಾಹುನ್ ಅವರಿಗೆ ಈ ವೇಷ ಸಹಜವಾಗಿ ಒಗ್ಗಿತು.

ಚೀಟಿಗಳು ಸೇರುತ್ತಿದ್ದ ಜಾಗಗಳನ್ನು ನೋಡಿ. ಸಿಗರೇಟಿನ ಖಾಲಿ ಪೊಟ್ಟಣ, ನಿಂತ ಕಾರಿನ ಕಿಟಕಿಯ ಸಂದಿ, ಮಾರಾಟಕ್ಕಿಟ್ಟ ಪತ್ರಿಕೆಯ ಮಡಿಕೆ, ಸೈನಿಕರ ಕೋಟಿನ ಜೇಬು. ನಾಣ್ಯಗಳ ಮೇಲೆ ಉಗುರುಬಣ್ಣದಲ್ಲಿ ಯುದ್ಧವಿರೋಧಿ ಬರಹ ಬರೆದು ಚಲಾವಣೆಗೆ ಬಿಟ್ಟದ್ದೂ ಉಂಟು. ಪ್ಯಾರಿಸ್ಸಿನ ಗ್ಯಾಲರಿಯಲ್ಲಿ ಟೆನಿಸ್ ಚೆಂಡು ಕಣ್ಣಾದಂತೆ, ಇಲ್ಲಿ ಸಿಗರೇಟಿನ ಪೊಟ್ಟಣ ಪತ್ರಿಕೆಯಾಯಿತು. ದಿನಬಳಕೆಯ ವಸ್ತುವಿನಿಂದ ಅದು ಆಡದ ಮಾತನ್ನು ಆಡಿಸುವ ಕಲೆಯನ್ನು ಅವರು ಶತ್ರುವಿನ ಜೇಬಿನೊಳಕ್ಕೇ ಕೊಂಡೊಯ್ದರು. ಆಜ್ಞೆ ಮಾಡದೆ ಪ್ರಶ್ನೆಯನ್ನು ಬಿಟ್ಟುಹೋಗಬೇಕೆಂಬ 1934ರ ನಿಲುವು ಇಲ್ಲಿ ಪರೀಕ್ಷೆಗೊಳಗಾಯಿತು.

ಇಬ್ಬರು ನಡುವಯಸ್ಸಿನ ಹೆಂಗಸರ ಕೈವಾಡ ಇದೆಂದು ಜರ್ಮನ್ ಪೊಲೀಸರಿಗೆ ಬಹುಕಾಲ ಹೊಳೆಯಲಿಲ್ಲ. ನಾಲ್ಕು ವರ್ಷ ನಡೆದ ಈ ಕಾರ್ಯ 1944ರ ಜುಲೈ 25ರಂದು ಬಂಧನದಲ್ಲಿ ಕೊನೆಗೊಂಡಿತು. ಸೆರೆಯಾದೊಡನೆ ಇಬ್ಬರೂ ಮೊದಲೇ ಜೊತೆಯಲ್ಲಿಟ್ಟುಕೊಂಡಿದ್ದ ಮಾತ್ರೆಗಳನ್ನು ನುಂಗಿ ಪ್ರಾಣ ಬಿಡಲು ಯತ್ನಿಸಿದರು. ಬದುಕುಳಿದರು, ಆ ಅಸ್ವಸ್ಥತೆಯ ಕಾರಣದಿಂದಲೇ ಯುರೋಪಿನ ಶಿಬಿರಗಳಿಗೆ ಸಾಗಿಸಲ್ಪಡುವುದು ತಪ್ಪಿತು. ವಿಚಾರಣೆಯಲ್ಲಿ ಮರಣದಂಡನೆಯ ಜತೆಗೆ ರೇಡಿಯೊ ಕೇಳಿದ್ದೇ ಮೊದಲಾದ ತಪ್ಪುಗಳಿಗಾಗಿ ಸೆರೆವಾಸದ ಶಿಕ್ಷೆಯನ್ನೂ ವಿಧಿಸಲಾಯಿತು. ಇವುಗಳಲ್ಲಿ ಯಾವುದನ್ನು ಮೊದಲು ಅನುಭವಿಸಬೇಕೆಂದು ಅವರು ನ್ಯಾಯಾಲಯವನ್ನೇ ಕೇಳಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ.

ದ್ವೀಪದ ಅಧಿಕಾರಿಗಳ ಮನವಿಯ ನಂತರ 1945ರ ಫೆಬ್ರವರಿಯಲ್ಲಿ ಮರಣದಂಡನೆ ರದ್ದಾಯಿತು. ಮೇ 8ರಂದು, ಜೆರ್ಸಿ ವಿಮೋಚನೆಯ ಮುನ್ನಾದಿನ, ಇಬ್ಬರೂ ಹೊರಬಂದರು. ಮನೆ ಲೂಟಿಯಾಗಿತ್ತು, ಬರಹ, ಚಿತ್ರಗಳಲ್ಲಿ ಬಹಳಷ್ಟು ನಾಶವಾಗಿತ್ತು. ಬಿಡುಗಡೆಯ ಬಳಿಕ ಮನೆಯ ಬಾಗಿಲಲ್ಲಿ ತೆಗೆದ ಒಂದು ಫೋಟೊ ಉಳಿದುಬಂದಿದೆ. ತಲೆಗೆ ವಸ್ತ್ರ ಕಟ್ಟಿಕೊಂಡು, ಸಾಮಾನ್ಯ ಗೃಹಿಣಿಯಂತೆ ನಿಂತಿರುವ ಕಾಹುನ್ ತಮ್ಮ ಹಲ್ಲುಗಳ ನಡುವೆ ನಾಜಿ ಸೇನೆಯ ಹದ್ದಿನ ಬಿಲ್ಲೆಯನ್ನು ಕಚ್ಚಿ ಹಿಡಿದಿದ್ದಾರೆ.

ಮರೆವು ಮತ್ತು ಮರುಹುಟ್ಟು

ಸೆರೆಮನೆಯಲ್ಲಿ ಕೆಟ್ಟ ಆರೋಗ್ಯ ಮತ್ತೆ ಸುಧಾರಿಸಲಿಲ್ಲ. 1953ರಲ್ಲಿ ಪ್ಯಾರಿಸ್ಸಿಗೆ ಹೋಗಿ ಹಳೆಯ ಗೆಳೆಯರನ್ನು ಕಂಡು ಬಂದರಾದರೂ ಅಲ್ಲಿ ಮತ್ತೆ ನೆಲೆಸುವ ಆಸೆ ಕೈಗೂಡಲಿಲ್ಲ. 1954ರ ಡಿಸೆಂಬರ್ 8ರಂದು, ಅರವತ್ತನೆಯ ವಯಸ್ಸಿನಲ್ಲಿ, ಜೆರ್ಸಿಯಲ್ಲೇ ಕಾಹುನ್ ನಿಧನರಾದರು. ಮೂರ್ 1972ರವರೆಗೆ ಬದುಕಿದ್ದರು. ಸೇಂಟ್ ಬ್ರೆಲೇಡ್ ಚರ್ಚಿನ ಅಂಗಳದಲ್ಲಿ ಇಬ್ಬರಿಗೂ ಒಂದೇ ಸಮಾಧಿ.

ಮೂರ್ ನಿಧನಾನಂತರ ಮನೆಯ ಸಾಮಾನುಗಳು ಹರಾಜಾದವು. ಫೋಟೊ, ಕಾಗದಪತ್ರಗಳು ಪೆಟ್ಟಿಗೆಗಳಲ್ಲಿ ಯಾರ್ಯಾರದೋ ಕೈ ಸೇರಿದವು. ಕ್ಲೋಡ್ ಎಂಬ ಹೆಸರಿನಿಂದಾಗಿ ಅವರನ್ನು ಗಂಡಸೆಂದು ತಿಳಿದವರಿದ್ದರು; ನಾಜಿ ಶಿಬಿರದಲ್ಲಿ ಸತ್ತರೆಂಬ ತಪ್ಪು ನಂಬಿಕೆಯೂ ಹರಡಿತ್ತು. ಫ್ರೆಂಚ್ ವಿದ್ವಾಂಸ ಫ್ರಾನ್ಸ್ವಾ ಲೆಪರ್ಲಿಯೆ ವರ್ಷಗಳ ಹುಡುಕಾಟದ ಬಳಿಕ 1992ರಲ್ಲಿ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದಾಗ ಈ ಮಸುಕು ತಿಳಿಯಾಯಿತು. 1995ರಲ್ಲಿ ಪ್ಯಾರಿಸ್ ನಗರದ ಆಧುನಿಕ ಕಲಾ ಸಂಗ್ರಹಾಲಯ ದೊಡ್ಡ ಪ್ರದರ್ಶನ ಏರ್ಪಡಿಸಿತು. ಜೆರ್ಸಿಯ ಪರಂಪರಾ ಸಂಸ್ಥೆ ಚದುರಿದ್ದ ಚಿತ್ರಗಳನ್ನು ಕೂಡಿಹಾಕಿತು; ಕಾಹುನ್ ಕೃತಿಗಳ ಅತಿ ದೊಡ್ಡ ಸಂಗ್ರಹ ಇಂದು ಅಲ್ಲಿದೆ. 2018ರಲ್ಲಿ ಪ್ಯಾರಿಸ್ ನಗರಾಡಳಿತ, ಅವರು ಬಾಳಿದ್ದ ಪ್ರದೇಶದ ಹಾದಿಯೊಂದಕ್ಕೆ ಕ್ಲೋಡ್ ಕಾಹುನ್ ಮತ್ತು ಮಾರ್ಸೆಲ್ ಮೂರ್ ಇಬ್ಬರ ಹೆಸರನ್ನೂ ಒಟ್ಟಿಗೆ ಇಟ್ಟಿತು.

ಇಷ್ಟಾದರೂ ಒಂದು ಅಸಮತೋಲನ ಉಳಿದಿದೆ. ಲಿಂಗದ ಕುರಿತ ಇಂದಿನ ಚರ್ಚೆಗಳಿಗೆ ಹತ್ತಿರವಾದ ಅವರ ಭಾವಚಿತ್ರಗಳು ಎಲ್ಲೆಡೆ ಕಾಣಸಿಗುತ್ತವೆ. ಆದರೆ ಕಡ್ಡಿ, ಗೊಂಬೆ, ಪತ್ರಿಕೆಯ ಹಾಳೆ, ಟೆನಿಸ್ ಚೆಂಡುಗಳ ಲೋಕ ಈಗಲೂ ಹಿಂದಿನ ಸಾಲಿನಲ್ಲೇ ಇದೆ. ಪ್ಯಾರಿಸ್ಸಿನ ಪ್ರಯೋಗಶೀಲೆಯನ್ನೂ ಜೆರ್ಸಿಯ ಹೋರಾಟಗಾರ್ತಿಯನ್ನೂ ಒಂದೇ ವ್ಯಕ್ತಿಯಾಗಿ ಬೆಸೆಯುವುದು ಆ ಲೋಕವೇ. ದೊಡ್ಡ ಕ್ಯಾನ್ವಾಸು, ಬೆಲೆಬಾಳುವ ಲೋಹ, ಸುಸಜ್ಜಿತ ಸ್ಟುಡಿಯೊ ಇವಾವುದೂ ಆಕೆಯ ಬಳಿ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು, ಯಾರೂ ನಿರೀಕ್ಷಿಸದ ಜಾಗದಲ್ಲಿ ಇಟ್ಟು, ನೋಡುವವರನ್ನು ಅರೆಕ್ಷಣ ತಡೆದು ನಿಲ್ಲಿಸುವುದಷ್ಟೇ ಅವರ ವಿದ್ಯೆ. ಆ ವಿದ್ಯೆಗೆ ಅಂಜಿದ ಸೇನೆಯೊಂದು ಅವರಿಗೆ ಮರಣದಂಡನೆ ವಿಧಿಸಿತ್ತು ಎಂಬುದನ್ನು, ಗಾಜಿನ ಪೆಟ್ಟಿಗೆಯಲ್ಲಿರುವ ಆ ಟೆನಿಸ್ ಚೆಂಡಿನ ಮುಂದೆ ನಿಲ್ಲುವವರು ಮರೆಯಬಾರದು.